ಪಿಳ್ಳೆ ಕಾಂಬರಾದ ಆಯಾ

ಟಣ್, ಟಣ್, ಟಣ್. ಎನಾಮೆಲ್ ಮಗ್ಗಿಗೆ ಚಮಚದಿಂದ ಬಡಿಯುವ ಸದ್ದು. ಸುಳ್ಯದಿಂದ ಕಡಬದ ಕಡೆಗೆ ಹೋಗುವ ಗುಡ್ಡಗಳ ನಡುವೆ ನಮ್ಮ ಕ್ವಾರ್ಟರ್ಸ್ ಇತ್ತು. ನನ್ನ ಗಂಡ ಅಲ್ಲಿನ ರಬ್ಬರ್ ಪ್ಲಾಂಟೇಶನ್ನಿನಲ್ಲಿ ಫೀಲ್ಡ್ ಆಫೀಸರ್. ನಾನು ಅಡಿಗೆಮನೆಯಲ್ಲಿ ಕಾಯಿ ತುರಿಯುತ್ತಾ ಕೂತಿರುವಾಗ, ಬೆಳಗಿನ ಹತ್ತು ಗಂಟೆಗೆ ಸರಿಯಾಗಿ, ಕೆಳಗೆ ಆಫೀಸಿನ ಬದಿಯಿಂದ ಆ ಸದ್ದು ಏಳುತ್ತಿತ್ತು. ಎಲ್ಲ ಸೇರಿಸಿ ಎಂಟೋ ಒಂಬತ್ತೋ ದಿನ ಕೇಳಿರಬಹುದು, ಅಷ್ಟೇ. ಕಾನ್ವೆಂಟಿನ ಚಾಪೆಲ್ ಗಂಟೆಯನ್ನು ಹತ್ತು ವರ್ಷ ಕೇಳಿದ್ದೇನೆ, ಅದು ಹೇಗಿತ್ತೆಂದು ಕೇಳಿದರೆ ಈಗ ನೆನಪಾಗುವುದಿಲ್ಲ. ಈ ಮಗ್ಗಿನ ಸದ್ದು ಮಾತ್ರ ಕಿವಿಯಲ್ಲಿ ಹಾಗೆಯೇ ಉಳಿದಿದೆ.

ಬಡಿಯುತ್ತಿದ್ದವಳು ಸಿಲೋನಿನಿಂದ ಬಂದ ಒಬ್ಬ ಹೆಂಗಸು. ಆಕೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಅವಳ ಹೆಸರಿನಲ್ಲಿ ನಾನು ಒಮ್ಮೆ ಬರೆದದ್ದೇ ಸಾಕು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಅಜ್ಜಂದಿರ ಕಾಲದಲ್ಲಿ ತಮಿಳುನಾಡಿನಿಂದ ಸಿಲೋನಿಗೆ ಟೀ ಕೊಯ್ಯಲು ಹೋದವರ ಮಕ್ಕಳು ಮೊಮ್ಮಕ್ಕಳನ್ನು, ಎರಡು ಸರಕಾರಗಳು ಮಾತಾಡಿಕೊಂಡು, ನೀವು ಇಂಡಿಯಾದವರು ಎಂದು ಹಡಗು ಹತ್ತಿಸಿದ ಕಾಲ. ಮಂಡಪಂ ಕ್ಯಾಂಪಿನಲ್ಲಿ ಇಳಿದು, ರೈಲು ಬಸ್ಸು ಬದಲಿಸಿ, ಟ್ರಂಕು ಮಕ್ಕಳ ಸಮೇತ ಅವರು ನಮ್ಮ ಗುಡ್ಡಗಳಿಗೆ ಬಂದರು. ಟೀ ಕೊಯ್ಯುತ್ತಿದ್ದ ಕೈಗಳಿಗೆ ಇಲ್ಲಿ ರಬ್ಬರ್ ಕೊರೆಯುವ ಕತ್ತಿ ಕೊಟ್ಟರು. ಫೈಲುಗಳಲ್ಲಿ ಅವರಿಗೆ ‘ಮರಳಿ ಬಂದವರು’ ಎಂದೇ ಹೆಸರು. ಆಕೆ ಹುಟ್ಟಿದ್ದು ಅಲ್ಲಿ, ಮದುವೆಯಾದದ್ದು ಅಲ್ಲಿ, ಗಂಡನನ್ನು ಮಣ್ಣು ಮಾಡಿದ್ದೂ ಅಲ್ಲಿ. ಪುತ್ತೂರು, ಸುಳ್ಯ ಎಂಬ ಹೆಸರುಗಳನ್ನೇ ಕೇಳಿರದಿದ್ದವಳು ಇಲ್ಲಿಗೆ ಮರಳಿದ್ದು ಹೇಗೆ? ಸಂಸಾರ ಕಟ್ಟಿಕೊಂಡು ಫಾರಿನ್ನಿಗೆ ಹೋದವರು ಎಂದರೆ ನನ್ನ ಮಟ್ಟಿಗೆ ಇವರೇ. ಹೋದ ಫಾರಿನ್ ಮಾತ್ರ ನಮ್ಮ ಊರು.

ಕಳೆದ ತಿಂಗಳು ಪುತ್ತೂರಿನ ದರ್ಬೆಯ ತರಕಾರಿ ಅಂಗಡಿಯಲ್ಲಿ ಒಬ್ಬ ಹೆಂಗಸು ನನ್ನ ಗುರುತು ಹಿಡಿದು ಮಾತಾಡಿಸಿದಳು. ಮಗ್ಗು ಬಡಿಯುತ್ತಿದ್ದವಳ ಸೊಸೆ. ಅತ್ತೆ ತೀರಿಕೊಂಡು ಎರಡು ವರ್ಷವಾಯಿತು ಎಂದಳು. ಬದನೆ ಆರಿಸುತ್ತಿದ್ದವಳು ಅಲ್ಲೇ ಬಿಟ್ಟು ಮನೆಗೆ ಬಂದೆ. ಅಂದಿನಿಂದ ಇದನ್ನು ಬರೆಯಬೇಕು ಅನ್ನಿಸುತ್ತಿದೆ. ಬರೆಯಲು ಕೂತರೆ ದುಃಖಕ್ಕಿಂತ ಹೆಚ್ಚಾಗಿ ಸಿಟ್ಟು ಬರುತ್ತದೆ. ಯಾರ ಮೇಲೆ ಎಂದು ಮುಂದೆ ಗೊತ್ತಾಗುತ್ತದೆ.

ಆಕೆ ಮೊದಲ ಸಲ ನಮ್ಮ ಕ್ವಾರ್ಟರ್ಸಿಗೆ ಬಂದದ್ದು ಯಾವುದೋ ಇಂಗ್ಲಿಷ್ ಕಾಗದ ಓದಿಸಿಕೊಳ್ಳಲು. ಆಫೀಸರರ ಹೆಂಡತಿ ಕಾನ್ವೆಂಟಿನಲ್ಲಿ ಕಲಿತವಳು ಎಂಬ ಸುದ್ದಿ ಕೆಲಸದವರ ಸಾಲುಮನೆಗಳ ಲೈನಿನವರೆಗೂ ಹೋಗಿತ್ತು. ಕುಂಬ್ರದ ನನ್ನ ತವರಿನಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು ಕೊಡುವುದು ಪದ್ಧತಿ. ಹಾಗೆಯೇ ಕೊಟ್ಟೆ. ಆಕೆ ಬೆಲ್ಲದ ತುಂಡನ್ನು ಅಂಗೈಯಲ್ಲಿ ಇಟ್ಟುಕೊಂಡು, ನೀರಿನ ಲೋಟ ಪಕ್ಕದಲ್ಲಿಟ್ಟು, ಜಗಲಿಯ ತುದಿಯಲ್ಲಿ ಸುಮ್ಮನೆ ಕೂತಳು. ನಾನು ಕಾಗದ ಓದಿ ಮುಗಿಸಿದೆ. ಬೆಲ್ಲ ಬೆವರಿಗೆ ಕರಗಲು ಶುರುವಾಯಿತು. ಕೊನೆಗೆ ಮೆಲ್ಲಗೆ, ಟೀ ಇನ್ನೂ ಕುದಿಯಲಿಲ್ಲವೇ ಎಂದು ಕೇಳಿದಳು. ಅವರಲ್ಲಿ ಬೆಲ್ಲವನ್ನು ಅಂಗೈಯಲ್ಲಿಟ್ಟು ನೆಕ್ಕುತ್ತಾ, ಹಾಲಿಲ್ಲದ ಪ್ಲೇನ್ ಟೀ ಗುಟುಕರಿಸುವುದು. ಬೆಲ್ಲ ಬಂತೆಂದರೆ ಟೀ ಹಿಂದೆಯೇ ಬರಬೇಕು. ವಿಷಯ ತಿಳಿದಾಗ ನನಗಿಂತ ಮೊದಲು ಆಕೆಯೇ ನಕ್ಕಳು.

“ಬೆಲ್ಲ ಬಂತು, ನೀರೂ ಬಂತು, ಎಲೆಗೆ ಮಾತ್ರ ದಾರಿ ತಪ್ಪಿದ್ದು ಅಂತ ನಾನು ಕಾದೆ, ದೊರೆಸಾನಿ.”

ಟೀ ಮಾಡಿ ಕೊಟ್ಟೆ. ಮೂಗಿನ ಹತ್ತಿರ ಹಿಡಿದು, ಕುಡಿಯದೆ, ಇದು ಫ್ಯಾಕ್ಟರಿ ಗುಡಿಸಿದ ಧೂಳು ಎಂದಳು. ಆಮೇಲೆ ಪೂರ್ತಿ ಕುಡಿದಳು. ಅಲ್ಲಿಯೂ ಒಳ್ಳೆಯ ಎಲೆಯೆಲ್ಲ ಹಡಗು ಹತ್ತಿ ಹೋಗುತ್ತಿತ್ತಂತೆ. ಕೊಯ್ದವರಿಗೆ ಧೂಳೇ, ಆದರೆ ಅದು ಅಂದಂದಿನ ಧೂಳು.

ಮೊದಮೊದಲು ನಮ್ಮ ಮಾತು ಅರ್ಧ ತಮಿಳು, ಅರ್ಧ ಕೈಸನ್ನೆ. ವರ್ಷದೊಳಗೆ ಆಕೆ ನಮ್ಮ ‘ಎಂತ’, ‘ಉಂಟು’ಗಳನ್ನು ನನಗಿಂತ ಚೆನ್ನಾಗಿ ಹಿಡಿದಳು. ದೊರೆಸಾನಿ ಎನ್ನಬೇಡ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ನಮ್ಮ ರೀತಿ ರಿವಾಜುಗಳ ಬಗ್ಗೆ ಆಕೆಯ ದೂರುಗಳ ಪಟ್ಟಿ ಉದ್ದವಿತ್ತು. ಬೆಳಿಗ್ಗೆದ್ದು ಕೆಂಪಕ್ಕಿಯ ಗಂಜಿ ಕುಡಿಯುವುದು ಕಾಯಿಲೆಯವರ ಲಕ್ಷಣ. ಗಟ್ಟಿ ಆಳಿಗೆ ಗೋಧಿ ಹಿಟ್ಟಿಗೆ ಕಾಯಿ ತುರಿ ಕಲಸಿ ಸುಟ್ಟ ರೊಟ್ಟಿ ಬೇಕು. ಇಲ್ಲಿನವರು ಒಂದು ಗುಡ್ಡಕ್ಕೆ ಒಂದೇ ಮನೆ ಕಟ್ಟುತ್ತಾರೆ, ಪಕ್ಕದವರ ಕೆಮ್ಮು ಕೇಳದಿದ್ದರೆ ಬದುಕಿದ್ದಾರೆಂದು ಗೊತ್ತಾಗುವುದು ಹೇಗೆ? ಕಣಿವೆಯ ಆಚೆಯ ಮನೆಯವರನ್ನು ನಮ್ಮವರು ‘ಕೂ’ ಹಾಕಿ ಕರೆಯುವುದನ್ನು ಮೊದಲ ಸಲ ಕೇಳಿದ ದಿನ, ಯಾರಿಗೋ ಏನೋ ಆಯಿತೆಂದು ಆಕೆ ಲೈನಿನ ಮಕ್ಕಳನ್ನೆಲ್ಲ ಒಳಗೆ ಹಾಕಿ ಬಾಗಿಲು ಮುಚ್ಚಿದ್ದಳಂತೆ. ಆಚೆಯವರು ಕೇಳುತ್ತಿದ್ದದ್ದು ಒಂದಿಷ್ಟು ಸುಣ್ಣ ಉಂಟಾ ಎಂದು.

ಒಂದು ಅಭ್ಯಾಸ ಮಾತ್ರ ನನ್ನ ತಲೆ ಕೆಡಿಸುತ್ತಿತ್ತು. ನನ್ನ ಗಂಡನ ಜೀಪು ಕಂಡರೆ ಸಾಕು, ಎಂಥ ಮಳೆಯೇ ಇರಲಿ, ಕೊಡೆ ಮಡಚಿ ದಾರಿ ಬದಿಗೆ ನಿಂತುಬಿಡುತ್ತಿದ್ದಳು. ಸಿಲೋನಿನಲ್ಲಿ ದೊರೆಯೆದುರು ಕೊಡೆ ಬಿಚ್ಚುವಂತಿಲ್ಲವಂತೆ. ಆಟಿ ತಿಂಗಳ ನಮ್ಮ ಮಳೆಯಲ್ಲಿ ತೊಪ್ಪೆಯಾಗಿ ನಿಂತವಳನ್ನು ನಾನು ಬೈದೆ. ಇಲ್ಲಿ ಆ ಕಾನೂನು ಇಲ್ಲ, ಇದು ಇಂಡಿಪೆಂಡೆಂಟ್ ಇಂಡಿಯಾ ಎಂದೆಲ್ಲ ಭಾಷಣ ಮಾಡಿದೆ. ಆಕೆ ಹೌದು ಹೌದು ಎಂದಳು. ಮರುದಿನ ಜೀಪು ಬಂದಾಗ ಕೊಡೆ ಮಡಚಿದಳು. ಅಂಜುಬುರುಕಿ ಎಂದು ನಾನು ತಿಳಿದುಕೊಂಡೆ.

ಸಿಲೋನಿನ ಟೀ ಎಸ್ಟೇಟುಗಳಲ್ಲಿ ಪಿಳ್ಳೆ ಕಾಂಬರಾ ಎಂದು ಒಂದು ಕೋಣೆ ಇರುತ್ತದೆ. ತಾಯಂದಿರು ಕೆಲಸಕ್ಕೆ ಹೋಗುವಾಗ ಹಸುಗೂಸುಗಳನ್ನು ಬಿಟ್ಟು ಹೋಗುವ ಜಾಗ. ಆಕೆ ಅಲ್ಲಿ ಇಪ್ಪತ್ತು ವರ್ಷ ಆಯಾ ಆಗಿದ್ದವಳು. ಇಲ್ಲಿ ಅಂಥದ್ದೇನೂ ಇರಲಿಲ್ಲ. ಮೊದಲ ವರ್ಷ ಹೆಂಗಸರು ಕೂಸುಗಳನ್ನು ರಬ್ಬರ್ ಮರಗಳ ಬುಡದಲ್ಲಿ ಗೋಣಿ ಹಾಸಿ ಮಲಗಿಸುತ್ತಿದ್ದರು. ಜಿಗಣೆ, ಇರುವೆ. ಆಕೆ ಗಂಟುಬಿದ್ದು, ಆಫೀಸಿನ ಪಕ್ಕ ಗೊಬ್ಬರ ತುಂಬಿಸಿಡುತ್ತಿದ್ದ ಹಳೆಯ ಕೊಟ್ಟಿಗೆಯೊಂದನ್ನು ಕೇಳಿ ತೆಗೆದುಕೊಂಡಳು. ತೊಳೆದು, ಸುಣ್ಣ ಬಳಿದು, ಮಾಡಿನ ಅಡ್ಡಗಳಿಗೆ ಹಳೆಯ ಸೀರೆಗಳ ಹನ್ನೊಂದು ತೊಟ್ಟಿಲು ಕಟ್ಟಿದಳು. ಬೆಳಿಗ್ಗೆ ಐದೂವರೆಗೆ ಹನ್ನೊಂದು ಕೂಸುಗಳು ಬರುತ್ತಿದ್ದವು. ಒಂದು ಅತ್ತರೆ ಆಕೆ ತಲೆ ಎತ್ತದೆ, ಇದು ಹಸಿವು, ಇದು ಉಚ್ಚೆ, ಇದು ಬರೀ ನಾಟಕ ಎಂದು ಹೇಳುತ್ತಿದ್ದಳು. ನಾನು ಪರೀಕ್ಷಿಸಿ ನೋಡಿದ್ದೇನೆ, ತಪ್ಪಿದ್ದೇ ಇಲ್ಲ.

ಹತ್ತು ಗಂಟೆಗೆ ತಾಯಂದಿರು ಹಾಲು ಕುಡಿಸಲು ಬರಬೇಕು. ಅದು ಅಲ್ಲಿನ ನಿಯಮ. ಟೀ ಕೊಯ್ಯುವವರು ಬುಟ್ಟಿ ಇಳಿಸಿ ಅರ್ಧ ಗಂಟೆ ಬಂದು ಹೋದರೆ ಗಿಡ ಅಲ್ಲೇ ಇರುತ್ತದೆ, ಎಲೆಯೂ ಅಲ್ಲೇ ಇರುತ್ತದೆ. ಇಲ್ಲಿಯೂ ಆಕೆ ಹತ್ತು ಗಂಟೆಗೆ ಮಗ್ಗು ಬಡಿದಳು. ಹತ್ತಿರದ ಬ್ಲಾಕಿನವರು ಕೇಳಿ ಮೇಲಿನವರಿಗೆ ಕೂಗಿದರು. ಹನ್ನೊಂದು ಮಂದಿ ಇಳಿದು ಬಂದರು. ರಬ್ಬರಿನಲ್ಲಿ ಹತ್ತು ಗಂಟೆ ಎಂದರೆ ಮರಕ್ಕೆ ಕಟ್ಟಿದ ಬಟ್ಟಲುಗಳಲ್ಲಿ ರಬ್ಬರ್ ಹಾಲು ತುಂಬಿ, ಒಂದೊಂದಾಗಿ ಬಕೆಟಿಗೆ ಸುರಿಯುವ ಹೊತ್ತು. ಎಂಟು ದಿನ ಹೇಗೋ ನಡೆಯಿತು. ನನ್ನ ಗಂಡ ಗೊಣಗಿದರು, ಅಷ್ಟೇ. ಒಂಬತ್ತನೆಯ ದಿನ ತಾಯಂದಿರು ಕೆಳಗಿದ್ದಾಗಲೇ, ಹೊತ್ತಿಲ್ಲದ ಹೊತ್ತಿನಲ್ಲಿ ಮಳೆ ಹೊಡೆಯಿತು. ಅವರ ಪಾಲಿನ ಮರಗಳ ಬಟ್ಟಲುಗಳಲ್ಲೆಲ್ಲ ಮಳೆನೀರು ತುಂಬಿ, ಬಿಳಿಯ ನೀರು ಮರಗಳ ಬುಡಕ್ಕೆ ಹರಿದು ಹೋಯಿತು.

ಆ ದಿನ ಆಫೀಸಿನೆದುರು ನಾನೂ ಇದ್ದೆ. ಗಂಡನಿಗೆ ಕೊಡೆ ಕೊಡಲು ಹೋದವಳು ಅಲ್ಲೇ ನಿಂತೆ. ನನ್ನ ಗಂಡ ಸ್ವಭಾವತಃ ಕೆಟ್ಟವರಲ್ಲ, ಆದರೆ ಅಂದು ಹೆಡ್ ಆಫೀಸಿಗೆ ಉತ್ತರ ಹೇಳಬೇಕಾದವರು.

“ಇದು ಟೀ ಅಲ್ಲ ಮಾರಾಯ್ತಿ, ರಬ್ಬರ್. ಹೊತ್ತಿಗೆ ತೆಗೀದಿದ್ರೆ ಬಟ್ಟಲಲ್ಲೇ ಗಟ್ಟಿಯಾಗುದು. ನಿನ್ನ ಮಗ್ಗು ಕೇಳಿ ಅದು ಕಾದು ಕೂತ್ಕೊಳ್ಳುದಿಲ್ಲ.”

ಮಡಚಿದ ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೂಗಿನ ತುದಿಯಿಂದ ನೀರಿಳಿಸುತ್ತಾ ನಿಂತಿದ್ದ ಆಕೆ ಹೇಳಿದಳು:

“ರಬ್ಬರ್ ಕಟ್ಟಿದ್ರೆ ನೀವು ಸ್ಕ್ರ್ಯಾಪ್ ಅಂತ ಮಾರ್ತೀರಿ ದೊರೆ. ಎದೆ ಕಟ್ಟಿ ಜ್ವರ ಬಂದ ತಾಯಿಯನ್ನು ಎಂತ ಅಂತ ಮಾರುದು?”

ಯಾರೋ ಹಿಂದೆ ಕಿಸಕ್ಕೆಂದರು. ನನ್ನ ಗಂಡ ಜೀಪು ಹತ್ತಿದರು. ಮರುದಿನದಿಂದ ಮಗ್ಗು ಬಡಿಯಬಾರದೆಂದು ಆರ್ಡರ್ ಬಂತು. ತಾಯಂದಿರು ಹನ್ನೆರಡೂವರೆಗೆ, ಬಕೆಟು ಒಪ್ಪಿಸಿಯೇ ಬರಬೇಕು. ಐದೂವರೆಯಿಂದ ಹನ್ನೆರಡೂವರೆ. ನನಗೆ ಮಕ್ಕಳಿಲ್ಲ, ಆದರೂ ಆ ಏಳು ಗಂಟೆಗಳ ಲೆಕ್ಕ ನನಗೂ ಅರ್ಥವಾಗುತ್ತಿತ್ತು. ಹತ್ತರಿಂದ ಶುರುವಾದ ಅಳು ಕ್ವಾರ್ಟರ್ಸಿನವರೆಗೂ ಕೇಳುತ್ತಿತ್ತು. ಆ ಅಳು ನಾಟಕ ಎಂದು ಆಕೆ ಒಮ್ಮೆಯೂ ಹೇಳಲಿಲ್ಲ.

ಮತ್ತೆ ಆಕೆ ಮಾಡಿದ್ದನ್ನು ನೋಡಿ. ಕೂಸುಗಳನ್ನು ಇನ್ನೊಬ್ಬಳ ವಶಕ್ಕೆ ಕೊಟ್ಟು, ಮೂರು ದಿನ ಗುಡ್ಡ ಹತ್ತಿ, ಟ್ಯಾಪಿಂಗ್, ಅಂದರೆ ಮರ ಕೊರೆಯುವ ಕೆಲಸ, ಹೇಗೆ ನಡೆಯುತ್ತದೆಂದು ಕೂತು ನೋಡಿದಳು. ನಾಲ್ಕನೆಯ ದಿನ ನನ್ನ ಹತ್ತಿರ ಬಂದಳು. ಹತ್ತು ಗಂಟೆ ತಪ್ಪು, ತನಗೆ ಗೊತ್ತಿರಲಿಲ್ಲ ಎಂದಳು. ಕೊರೆದು ಮುಗಿಯುವುದು ಒಂಬತ್ತರ ಹೊತ್ತಿಗೆ. ಬಟ್ಟಲು ತುಂಬುವ ತನಕ ಹೆಂಗಸರು ಎಲೆಅಡಿಕೆ ಹಾಕುತ್ತಾ ಸುಮ್ಮನೆ ಕೂತಿರುತ್ತಾರೆ. ಆ ಅರ್ಧ ಗಂಟೆ ಸಾಕು. ಆದರೆ ಆಫೀಸಿಗೆ ಇಳಿದು ಹತ್ತಲು ಸಮಯವಿಲ್ಲ, ಆದ್ದರಿಂದ ಪಿಳ್ಳೆ ಕಾಂಬರಾವೇ ಗುಡ್ಡ ಹತ್ತಬೇಕು. ನಡುವಿನ ಬ್ಲಾಕಿನಲ್ಲಿ ಮುಳಿಹುಲ್ಲು ಹೊದಿಸಿದ ಒಂದು ಮಾಡು ಸಾಕು. ಒಂದು ಹನಿ ರಬ್ಬರ್ ಹಾಳಾಗುವುದಿಲ್ಲ. ಇದನ್ನು ಹೆಡ್ ಆಫೀಸಿಗೆ ಇಂಗ್ಲಿಷಿನಲ್ಲಿ ಬರೆದು ಕೊಡಬೇಕು.

“ಅಲ್ಲಿ ಇತ್ತು, ಇಲ್ಲಿಯೂ ಬೇಕು ಅಂತ ಬರೀರಿ ದೊರೆಸಾನಿ. ಕೈ ಮುಗಿದು ಕೇಳುದು ಅಂತ ಬರೀಬೇಡಿ.”

ಬರೆಯುತ್ತೇನೆ ಎಂದೆ. ಕಾನ್ವೆಂಟಿನಲ್ಲಿ ಲೆಟರ್ ರೈಟಿಂಗಿಗೆ ಪ್ರೈಜ್ ಪಡೆದವಳು ನಾನು. ಪೊಲೈಟ್ ಆಗಿ ಬರೆದ ಕಾಗದಕ್ಕೆ ತೆರೆಯದ ಬಾಗಿಲಿಲ್ಲ ಎಂದು ಸಿಸ್ಟರ್ ಹೇಳಿಕೊಟ್ಟಿದ್ದರು. ಕೂತು ಡ್ರಾಫ್ಟ್ ಮಾಡಿದೆ. ಬರೆದದ್ದನ್ನು ಓದಿದಾಗ ಟೋನ್ ಸರಿಯಿಲ್ಲ ಅನ್ನಿಸಿತು. ಇಷ್ಟು ಒರಟಾಗಿ ಕೇಳಿದರೆ ಯಾರು ಕೊಡುತ್ತಾರೆ? ಗುಡ್ಡದ ಮೇಲೆ ಮಾಡು ಕಟ್ಟಲು ಅವರ ಪರ್ಮಿಷನ್, ಇವರ ಪರ್ಮಿಷನ್. ಗಂಡನ ಪ್ರಮೋಷನ್ ಬೇರೆ ಆ ವರ್ಷವೇ ಬರಬೇಕಿತ್ತು. ಊಟದ ಹೊತ್ತಿಗೆ ಮೆಲ್ಲಗೆ ವಿಷಯ ತೆಗೆದೆ. ಅವರು ಬೇಡ ಎನ್ನಲಿಲ್ಲ. “ಕೊಡ್ಲಿಕ್ಕೆ ಆಗುದನ್ನು ಕೇಳ್ಲಿಕ್ಕೆ ಹೇಳು,” ಎಂದರು. ಅದು ನನಗೆ ಬಹಳ ಪ್ರಾಕ್ಟಿಕಲ್ ಆಗಿ ಕಂಡಿತು.

ಕೊನೆಗೆ ನಾನು ಬರೆದ ಕಾಗದದಲ್ಲಿ ಗುಡ್ಡವೂ ಇರಲಿಲ್ಲ, ಅರ್ಧ ಗಂಟೆಯೂ ಇರಲಿಲ್ಲ. ಮಕ್ಕಳಿಗೆ ಹಾಲಿನ ಪುಡಿ ದಯಪಾಲಿಸಬೇಕೆಂದು ಹಂಬ್ಲಿ, ಕೈಂಡ್ಲಿ, ಮೋಸ್ಟ್ ರೆಸ್ಪೆಕ್ಟ್‌ಫುಲ್ಲಿ ಬೇಡಿಕೊಂಡಿದ್ದೆ. ಒಳ್ಳೆಯ ಇಂಗ್ಲಿಷ್. ಈಗಲೂ ಬಾಯಿಪಾಠ ಬರುತ್ತದೆ.

ಇಷ್ಟೇ ಆಗಿದ್ದರೆ ಏನೋ ತಿಳಿಯದೆ ಮಾಡಿದೆ ಅನ್ನಬಹುದಿತ್ತು. ಸಹಿ ಹಾಕುವ ದಿನ ಹನ್ನೊಂದು ಮಂದಿಯೂ ನಮ್ಮ ಅಂಗಳಕ್ಕೆ ಬಂದರು. ಓದಿ ಹೇಳಿ ಎಂದಳು ಆಯಾ. ಕಾಗದ ಕೈಯಲ್ಲಿ ಹಿಡಿದು, ಆಕೆ ಹೇಳಿದ್ದನ್ನೇ ನಾನು ಹೇಳಿದೆ. ಗುಡ್ಡದ ಮಾಡು, ಒಂಬತ್ತು ಗಂಟೆ, ಅರ್ಧ ಗಂಟೆಯ ಬಿಡುವು, ಅಲ್ಲಿ ಇತ್ತು ಇಲ್ಲಿಯೂ ಬೇಕು. ಕಣ್ಣು ಕಾಗದದ ಮೇಲೆ, ಬಾಯಿಯಲ್ಲಿ ಅದರಲ್ಲಿಲ್ಲದ ಮಾತು. ಆಕೆ ಪ್ರತಿಯೊಂದಕ್ಕೂ ತಲೆಯಾಡಿಸಿದಳು. ಕೆಲವರು ತಮಿಳಿನಲ್ಲಿ ಸಹಿ ಮಾಡಿದರು, ಕೆಲವರು ಹೆಬ್ಬೆಟ್ಟು ಒತ್ತಿದರು. ಎಲ್ಲಕ್ಕಿಂತ ಮೇಲೆ ಆಕೆಯ ಹೆಸರು.

ಉತ್ತರ ಹದಿನೈದು ದಿನದಲ್ಲೇ ಬಂತು. ಅಷ್ಟು ಬೇಗ ಉತ್ತರ ಬಂದದ್ದೇ ಆಶ್ಚರ್ಯವೆಂದು ಆಫೀಸಿನಲ್ಲಿ ಎಲ್ಲರೂ ಹೇಳಿದರು. ಹಾಲಿನ ಪುಡಿಯ ಡಬ್ಬಗಳು ಬಂದವು. ಆಯಾ ಡಬ್ಬವನ್ನು ತಿರುಗಿಸಿ ತಿರುಗಿಸಿ ನೋಡಿ, ನಾವು ಕೇಳಿದ್ದು ಇದಲ್ಲವಲ್ಲ ಎಂದಳು. ಅವರಿಗೆ ಕೊಡಲಿಕ್ಕೆ ಆದದ್ದು ಇದು ಎಂದೆ ನಾನು. ಇದು ಎರಡನೆಯ ಸುಳ್ಳು.

ಮಳೆಗಾಲ ಬಂತು. ತೋಡಿನ ನೀರು ಕೆಂಪಗೆ ಹರಿಯುತ್ತಿತ್ತು. ಆಕೆ ಅದನ್ನು ಕುದಿಸಿಯೇ ಹಾಲಿನ ಪುಡಿ ಕಲಸುತ್ತಿದ್ದಳು, ಆದರೆ ಒದ್ದೆ ಸೌದೆಯಲ್ಲಿ ಹನ್ನೊಂದು ಕೂಸುಗಳಿಗೆ ಒಬ್ಬಳು ಎಷ್ಟೆಂದು ಕುದಿಸಿಯಾಳು. ಐದಾರು ಮಕ್ಕಳಿಗೆ ಭೇದಿ ಶುರುವಾಯಿತು. ಒಂದನ್ನು ಪುತ್ತೂರಿನ ಆಸ್ಪತ್ರೆಗೆ ನಮ್ಮ ಜೀಪಿನಲ್ಲೇ ಸಾಗಿಸಿದರು. ದೇವರು ದೊಡ್ಡವನು, ಕೂಸು ಉಳಿಯಿತು. ಆಮೇಲೆ ಆಫೀಸಿನವರು ಬಂದು ಕೊಟ್ಟಿಗೆ ಪರಿಶೀಲಿಸಿ, ಆಯಾಳ ಅಶುಚಿಯೇ ಕಾರಣ ಎಂದು ಬರೆದುಕೊಂಡು ಹೋದರು. ಅಶುಚಿ. ತಾಯಂದಿರು ಕೈ ತೊಳೆಯದೆ ಮಗುವನ್ನು ಮುಟ್ಟಲು ಬಿಡದವಳಿಗೆ. ಪಿಳ್ಳೆ ಕಾಂಬರಾ ಮುಚ್ಚಿತು. ಕೊಟ್ಟಿಗೆಗೆ ಮತ್ತೆ ಗೊಬ್ಬರದ ಚೀಲಗಳು ಬಂದವು. ಆಕೆಯನ್ನು ಕಳೆ ಕೀಳುವ ಗ್ಯಾಂಗಿಗೆ ಹಾಕಿದರು. ಕೂಸುಗಳು ಮತ್ತೆ ಮರದ ಬುಡಕ್ಕೆ ಹೋದವು.

ಕಾಗದದ ಕಾರ್ಬನ್ ಕಾಪಿ ಆಫೀಸಿನ ಫೈಲಿನಲ್ಲಿತ್ತು. ಟೈಪಿಸ್ಟ್ ಯಾರಿಗೋ ಓದಿ ಹೇಳಿದ್ದಾನೆ. ಒಂದು ಭಾನುವಾರ ಬೆಳಿಗ್ಗೆ ಆಕೆ ಹಿಂದಿನ ಬಾಗಿಲಿಗೆ ಬಂದಳು, ಅವನಿಂದ ಕೇಳಿ ಪಡೆದ ಆ ಕಾಪಿಯನ್ನು ನಾಲ್ಕು ಮಡಿಕೆ ಮಾಡಿ ತಂದಿದ್ದಳು. ಬಿಚ್ಚಿ ಮೆಟ್ಟಿಲ ಮೇಲೆ ಹರವಿದಳು.

“ನಾನು ಹೇಳಿದ್ದು ಇದರಲ್ಲಿ ಎಲ್ಲಿ ಉಂಟು, ಬೆರಳಿಟ್ಟು ತೋರ್ಸಿ.”

ನಾನು ಮಾತಾಡಿದೆ. ಬಹಳ ಮಾತಾಡಿದೆ. ಆಫೀಸುಗಳ ರೀತಿ, ಟೋನು, ಸ್ಟೆಪ್ ಬೈ ಸ್ಟೆಪ್ ಕೇಳುವುದು, ನಿಮ್ಮ ಒಳ್ಳೆಯದಕ್ಕೇ ಮಾಡಿದ್ದು. ನಿಮ್ಮ ಊರಿನ ಹಾಗೆ ಇಲ್ಲಿ ನಡೆಯುವುದಿಲ್ಲ ಎಂದೂ ಹೇಳಿದೆ. ಆಕೆ ನನ್ನ ಮುಖ ನೋಡಲಿಲ್ಲ, ನನ್ನ ಬೆರಳನ್ನೇ ನೋಡುತ್ತಿದ್ದಳು. ಅದು ಕಾಗದದ ಮೇಲೆ ಎಲ್ಲೂ ಇಳಿಯಲಿಲ್ಲ.

“ಬರೀಲಿಕ್ಕೆ ಆಗುದಿಲ್ಲ ಅಂತ ಹೇಳಿದ್ರೆ ಬೇರೆಯವರ ಹತ್ರ ಹೋಗ್ತಿದ್ದೆ,” ಎಂದಳು. ಸಿಟ್ಟಿನಿಂದ ಹೇಳಿದ್ದರೆ ನನಗೆ ಉತ್ತರ ಕೊಡಲು ಸುಲಭವಾಗುತ್ತಿತ್ತು.

ಗಂಡನಿಗೆ ಪ್ರಮೋಷನ್ ಸಿಕ್ಕಿತು. ನಾವು ಪುತ್ತೂರಿಗೆ ಬಂದು ದರ್ಬೆಯಲ್ಲಿ ಮನೆ ಮಾಡಿದೆವು. ಡ್ರಾಯರಿನಲ್ಲಿ ಒಳ್ಳೆಯ ಲೆಟರ್ ಪ್ಯಾಡ್ ಇತ್ತು. ಸರಿಯಾದ ಕಾಗದವನ್ನು ಇನ್ನೊಮ್ಮೆ ಬರೆದು ಕಳಿಸುತ್ತೇನೆ ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡೆ. ಬರೆಯಲಿಲ್ಲ. ಇದಕ್ಕೆ ಕಾರಣ ಹುಡುಕಿ ಹುಡುಕಿ ಸಾಕಾಗಿದೆ.

ಕೊನೆಯ ಸಲ ಆಕೆಯನ್ನು ಕಂಡದ್ದು ಎಂಬತ್ತರ ದಶಕದ ಮಧ್ಯದಲ್ಲಿ, ಪುತ್ತೂರಿನ ಸರಕಾರಿ ಕಚೇರಿಯ ಹೊರಗೆ ಅರ್ಜಿ ಟೈಪು ಮಾಡುವವರು ಸಾಲಾಗಿ ಕೂರುವ ಜಗಲಿಯಲ್ಲಿ. ನಾನು ಮನೆಯ ಯಾವುದೋ ಕಾಗದಕ್ಕೆ ಹೋಗಿದ್ದೆ. ಒಬ್ಬ ವಯಸ್ಸಾದ ಟೈಪಿಸ್ಟನ ಮೇಜಿನೆದುರು ಆಕೆ ಕುಕ್ಕರಗಾಲಲ್ಲಿ ಕೂತಿದ್ದಳು, ಪಕ್ಕದಲ್ಲಿ ಬಸುರಿ ಸೊಸೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಟೈಪಿಸ್ಟನಿಗೆ ರೋಸಿಹೋಗಿತ್ತು. ಒಂದೊಂದು ಲೈನು ಹೊಡೆದ ಮೇಲೂ ಆಕೆ ಮಿಷನ್ನಿನಿಂದ ಕಾಗದ ಬಿಡಿಸಿ ಓದಿಸುತ್ತಿದ್ದಳು.

“ಎಂತ ಅಜ್ಜಿ ನಿಮ್ಮದು, ನಾನೆಂತ ನಿಮ್ಮ ಆಸ್ತಿ ಬರ್ಸಿಕೊಳ್ತೇನಾ,” ಎನ್ನುತ್ತಿದ್ದ ಅವನು.

ನನ್ನನ್ನು ಕಂಡು ಎದ್ದು ನಿಂತಳು. ಯಜಮಾನರ ಆರೋಗ್ಯ ಕೇಳಿದಳು, ನನ್ನ ಮೊಣಕಾಲು ನೋವು ಕೇಳಿದಳು. ಗುಡ್ಡದ ಮೇಲೆ ಮಕ್ಕಳಿಗೆ ಮಾಡು ಬೇಕೆಂದು ಅರ್ಜಿ, ಈ ಸಲ ಮೂವತ್ತು ಮಂದಿ ಸೇರಿ, ಎಂದಳು. ತಡೆಯಲಾರದೆ, ನಾನೇ ಬರೆದು ಕೊಡುತ್ತೇನೆ, ಇವತ್ತೇ, ಮನೆಗೆ ಬಾ ಎಂದೆ.

“ಬೇಡ ದೊರೆಸಾನಿ. ಓದಿ ಮಾತ್ರ ಹೇಳಿ. ಇವರು ಓದಿದ್ದೂ ನೀವು ಓದುದೂ ಒಂದೇ ಆಗ್ತದಾ ಅಂತ ನೋಡ್ಬೇಕು.”

ಕಾಗದ ನನ್ನ ಕೈಗೆ ಕೊಟ್ಟಳು. ಟೈಪಿಸ್ಟ್ ಬೀಡಿ ಹಚ್ಚಿ ಆಚೆ ಹೋದ. ಅಂಥ ಇಂಗ್ಲಿಷನ್ನು ನಾನು ನೋಡಿಯೇ ಇರಲಿಲ್ಲ. ಗ್ರಾಮರ್ ಇಲ್ಲ, ಸ್ಪೆಲ್ಲಿಂಗ್ ಇಲ್ಲ, ಪೊಲೈಟ್ ಅನ್ನುವುದು ಹುಡುಕಿದರೂ ಇಲ್ಲ. ಒಂದೊಂದು ಸಾಲಿಗೂ ಬೆರಳಿಟ್ಟು, ಅಲ್ಲಿ ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲಿ ಹೇಳುತ್ತಾ ಹೋದೆ. ಸೊಸೆ ಬೆರಳು ಮಡಚಿ ಎಣಿಸುತ್ತಿದ್ದಳು. ಮುಗಿದ ಮೇಲೆ ನನ್ನ ಬಾಯಿಂದ ಮೊದಲು ಬಂದದ್ದು, ಇಂಗ್ಲಿಷ್ ಬಹಳ ತಪ್ಪಿದೆ ಎಂಬ ಮಾತು.

“ಅದು ಇರ್ಲಿ,” ಎಂದಳು. “ನಾನು ಹೇಳಿದ್ದು ಉಂಟಾ?”

“ಉಂಟು.”

“ಎಲ್ಲಾ?”

“ಎಲ್ಲಾ ಉಂಟು.”

ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು, ಟೈಪಿಸ್ಟನ ಪೆನ್ನು ಎತ್ತಿ, ಮೇಜಿಗೆ ಬಗ್ಗಿ, ತಮಿಳಿನಲ್ಲಿ ನಿಧಾನವಾಗಿ ತನ್ನ ಹೆಸರು ಬರೆದಳು. ಸೊಸೆಯನ್ನು ಎಬ್ಬಿಸಿಕೊಂಡು, ನನಗೆ ತಲೆಯಾಡಿಸಿ, ಕಚೇರಿಯ ಮೆಟ್ಟಿಲು ಹತ್ತಿ ಒಳಗೆ ಹೋದಳು.